ಹದಿಮೂರು ಅಂಕದ ಅಳತೆ

ಹಂಟಿಂಗ್ಟನ್ ಕಾಯಿಲೆಯವರ ಸ್ಥಿತಿ ಅಳೆಯಲು ನರರೋಗ ತಜ್ಞರು ಇಂದಿಗೂ ನೆಚ್ಚುವುದು ಐರಾ ಶೌಲ್ಸನ್ ಮತ್ತು ಸ್ಟ್ಯಾನ್ಲಿ ಫಾನ್ 1979ರಲ್ಲಿ ರೂಪಿಸಿದ ಪುಟ್ಟ ಪಟ್ಟಿಯನ್ನು. ಉದ್ಯೋಗಕ್ಕೆ 3 ಅಂಕ, ಹಣಕಾಸಿಗೆ 3, ಮನೆಗೆಲಸಕ್ಕೆ 2, ದಿನನಿತ್ಯದ ಸ್ವಂತ ಕೆಲಸಗಳಿಗೆ 3, ಆರೈಕೆಯ ಮಟ್ಟಕ್ಕೆ 2, ಒಟ್ಟು 13. ಕಾಯಿಲೆ ಬಲಿತಂತೆ ಅಂಕ ಇಳಿಯುತ್ತದೆ. ಔಷಧ ಪ್ರಯೋಗಗಳಿಗೆ ಇದರಿಂದಾದ ಉಪಕಾರ ದೊಡ್ಡದು. ಆದರೆ ಈ ಅಂಕವನ್ನೇ ಬದುಕಿನ ಗುಣಮಟ್ಟವೆಂದು ಓದುವುದು ತಪ್ಪು.

ನಮ್ಮ ಮನೆಗಳಲ್ಲಿ ಇದನ್ನು ಇಟ್ಟು ನೋಡಿ. ಅಮ್ಮನ ಪಾಸ್‌ಬುಕ್ ಕಾಯಿಲೆಗೆ ಎಷ್ಟೋ ಮೊದಲೇ ಮಗನ ಕೈಯಲ್ಲಿರುತ್ತದೆ; ಹಣಕಾಸಿನ ಅಂಕ ಕಳೆಯುವುದು ಯಾವ ಲೆಕ್ಕದಲ್ಲಿ? ಗೃಹಿಣಿಯ ಅಡುಗೆಯನ್ನೇ ಉದ್ಯೋಗವೆಂದು ಎಣಿಸಿದರೆ ಒಂದೇ ನಷ್ಟಕ್ಕೆ ಎರಡು ಕಡೆ ಅಂಕ ಹೋಗುತ್ತದೆ. ಆರೈಕೆಯ ಅಂಕದ ಕಥೆಯೂ ಅಷ್ಟೆ: ಕೊನೆಯವರೆಗೂ ಮನೆಯಲ್ಲೇ ಇರುವವರು ಹಗುರ ಕಾಯಿಲೆಯವರೇನಲ್ಲ, ಬೇರೆ ದಾರಿಯಿಲ್ಲದವರು.

ಊಟದ ವಿಷಯವನ್ನೇ ತೆಗೆದುಕೊಳ್ಳಿ. ಕೈ ತಾನಾಗಿ ಎಗರುವುದರಿಂದ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ನೀರು ಎದೆಯ ಮೇಲೆ ಚೆಲ್ಲಿರುತ್ತದೆ. ಉಳಿದದ್ದು ಗಂಟಲಿಗಿಳಿದರೆ ಕೆಮ್ಮು, ಉಸಿರು ಕಟ್ಟುವ ಭಯ. ನೀರು, ತಿಳಿಸಾರು, ಮಜ್ಜಿಗೆಯಂಥ ತೆಳ್ಳನೆಯವೇ ಹೆಚ್ಚು ಕಾಡುತ್ತವೆ. ಗಟ್ಟಿಯಾಗಿ ಕಾಯಿಸಿದ ರಾಗಿ ಅಂಬಲಿ ಎಷ್ಟೋ ಜನರಿಗೆ ಸಲೀಸು. ಹೊಟ್ಟೆತುಂಬ ಉಂಡರೂ ತೂಕ ಇಳಿಯುತ್ತದೆ. ನಾಲ್ಕು ಜನರೆದುರು ಉಣ್ಣಲು ನಾಚಿ ಮದುವೆ ಮನೆಗೆ ಹೋಗುವುದು ನಿಲ್ಲುತ್ತದೆ. ಹೋದರೂ ತೂರಾಡುವ ನಡಿಗೆ ಕಂಡು ಕುಡಿದಿದ್ದಾರೆ ಎನ್ನುವವರಿರುತ್ತಾರೆ. ಇಷ್ಟೆಲ್ಲ ಪಟ್ಟಿಯ ಯಾವ ಸಾಲಿಗೆ ಸೇರಬೇಕು?

ಇದು ವಂಶದಲ್ಲಿ ಹರಿಯುವ ಕಾಯಿಲೆ ಎಂಬುದಂತೂ ಪಟ್ಟಿಯಲ್ಲಿ ಸುಳಿಯುವುದೇ ಇಲ್ಲ. ನಾಲ್ಕನೇ ವರ್ಣತಂತುವಿನಲ್ಲಿರುವ ಇದರ ಜೀನ್ 1993ರಲ್ಲಿ ಸಿಕ್ಕಿತು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 30ರಿಂದ 50ರ ಪ್ರಾಯದಲ್ಲಿ. ಅಮ್ಮನಿಗೆ ತುತ್ತು ಕೊಡುವ ಮಗಳು ತನ್ನ ಕೈಯಿಂದ ಚಮಚ ಜಾರಿದರೂ ಬೆಚ್ಚುತ್ತಾಳೆ. ಹೆಣ್ಣು ನೋಡಲು ಬಂದವರಿಗೆ ತಿಳಿಯದಿರಲೆಂದು ಅಮ್ಮನನ್ನು ಒಳಕೋಣೆಯಲ್ಲಿ ಕೂರಿಸುತ್ತಾರೆ. ಹಾಗೆ ಕೂರುವವಳ ಸಂಕಟವನ್ನು ಯಾರಾದರೂ ಕೇಳಬೇಡವೇ?

ಏಲೀನ್ ಹೋ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬದುಕಿನ ಗುಣಮಟ್ಟದೊಡನೆ ಗಾಢ ನಂಟು ಕಂಡದ್ದು ಖಿನ್ನತೆ ಮತ್ತು ಕಾರ್ಯಸಾಮರ್ಥ್ಯಕ್ಕೆ, ಮೈಕೈ ಚಲನೆಗಲ್ಲ. ಶೌಲ್ಸನ್–ಫಾನ್ ಪಟ್ಟಿಗೆ ಇದು ಅರ್ಧ ಸಮರ್ಥನೆಯಷ್ಟೆ, ಮನಸ್ಸಿಗೆ ಅದರಲ್ಲಿ ಜಾಗವಿಲ್ಲ. ಚಲನೆ ತಗ್ಗಿಸುವ ಟೆಟ್ರಾಬೆನಜಿನ್ ಮಾತ್ರೆಯೇ ಖಿನ್ನತೆ ಹೆಚ್ಚಿಸಬಹುದು. ಮೈ ಸ್ತಿಮಿತಕ್ಕೆ ಬಂತೆಂದು ವೈದ್ಯರು ಸಮಾಧಾನಪಡುವ ಹೊತ್ತಿಗೆ ರೋಗಿ ಮಾತು ಬಿಟ್ಟಿರಬಹುದು.

ನುಂಗುವ ಕಷ್ಟ, ಮಾತಿನ ತೊದಲು, ಸಾವಿನ ಚಿಂತೆ ಎಲ್ಲವನ್ನೂ ರೋಗಿಯಿಂದಲೇ ಕೇಳುವ ಎಚ್‌ಡಿಕ್ಯೂಲೈಫ್ ಪ್ರಶ್ನಾವಳಿ ಈಚಿನದು, ನನ್ನ ಮಟ್ಟಿಗೆ ಹೆಚ್ಚು ಮಾನವೀಯವಾದದ್ದು. ಅದಕ್ಕೂ ಒಂದು ತೊಡಕಿದೆ: ಈ ಕಾಯಿಲೆಯ ಎಷ್ಟೋ ಜನರಿಗೆ ತಮ್ಮ ಮೈ ಅಲುಗುತ್ತಿರುವುದೇ ಅರಿವಿಗೆ ಬರುವುದಿಲ್ಲ. ಆದ್ದರಿಂದ ತುತ್ತು ಕೊಡುವ ಮಗಳನ್ನೂ ಕೂರಿಸಿಕೊಂಡು ಬೇರೆಯಾಗಿಯೇ ಕೇಳಬೇಕು, ಅಮ್ಮನ ಬಗ್ಗೆಯೂ ಅವಳ ಬಗ್ಗೆಯೂ.