ಕೊಡ ಇರಲಿ, ಮುತ್ತು ಬೇಡ

ಸವದತ್ತಿ ಎಲ್ಲಮ್ಮನ ಗುಡ್ಡದ ಜೋಗತಿ ಕುಣಿತ ಬೆಳಗಾವಿಯ ವೇದಿಕೆಗೂ ಬಂದಿದೆ. ಸಂತೋಷ. ಆದರೆ ಅದನ್ನು ನಾವು ಹೇಗೆ ನೋಡಬೇಕು?

ತಲೆಯ ಮೇಲೆ ಕೊಡ, ಕೈಯಲ್ಲಿ ಹಿಡಿಯುವಂತಿಲ್ಲ. ಕುತ್ತಿಗೆ ನೆಟ್ಟಗಿರಬೇಕು, ಚೌಡಿಕೆಯ ಒಂಟಿ ತಂತಿಯ ಗತಿಗೆ ಹೆಜ್ಜೆ ಬೀಳಬೇಕು. ಈ ಬಿಗಿಯೇ ಅದರ ಚೆಲುವು. ಜರಿಸೀರೆ ಉಡಿಸಿ, ಸಿನಿಮಾ ತಾಳ ಹಾಕಿ ಓಡಿಸಿದರೆ ಅದು ಜೋಗತಿ ಕುಣಿತ ಅಲ್ಲ ಬಿಡ್ರಿ.

ರಷ್ಯಾದಲ್ಲಿ ಪೆಟಿಪಾ 1890ರಲ್ಲಿ ಕಟ್ಟಿದ ‘ಸ್ಲೀಪಿಂಗ್ ಬ್ಯೂಟಿ’ ಬ್ಯಾಲೆಯನ್ನು 2015ರಲ್ಲಿ ರಟ್ಮಾನ್ಸ್ಕಿ ಹಳೆಯ ಹೆಜ್ಜೆಗಳ ಬರಹ ಓದಿ ಮತ್ತೆ ಆಡಿಸಿದರು. ಈಗಿನವರಂತೆ ಕಾಲನ್ನು ಕಿವಿಯ ಮಟ್ಟ ಎತ್ತಿಸಲಿಲ್ಲ. ದೊರೆಗಳ ರಂಗಮಂದಿರದ ಕುಣಿತಕ್ಕೆ ಬರೆದಿಡುವವರಿದ್ದರು. ನಮ್ಮ ಜೋಗತಿಯರಿಗೆ ಮೈಯೇ ಪುಸ್ತಕ. ಮಂಜಮ್ಮ ಜೋಗತಿ ಕಲಿತದ್ದು ಕಾಳವ್ವ ಜೋಗತಿಯ ಹೆಜ್ಜೆ ನೋಡಿ; 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾದರೆ ಹಳೆಯದೆಲ್ಲ ಉಳಿಯಬೇಕೇನು? ಇಲ್ಲ. ಕೊಡದ ಜೊತೆ ಮುತ್ತೂ ಇತ್ತು. ದಲಿತರ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ, ದೇವರ ಹೆಸರಲ್ಲಿ ಊರ ಉಳ್ಳವರ ಪಾಲು ಮಾಡಿದ ಪದ್ಧತಿಯನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ಕುಣಿತದ ಗತ್ತು ಹೊಗಳಿ, ಕುಣಿದವಳ ಗೋಳು ಮುಚ್ಚಿಡುವ ರಸಿಕತೆಯನ್ನು ನಾವು ಒಪ್ಪುವುದಿಲ್ಲ. ಗೋಳಿನ ಹೆಸರಲ್ಲಿ ಆಕೆಯ ವಿದ್ಯೆಯನ್ನೇ ಅಳಿಸುವ ಸುಧಾರಣೆಯನ್ನೂ ಒಪ್ಪುವುದಿಲ್ಲ.

ಶಾಲೆಯ ಗ್ಯಾದರಿಂಗಿಗೆ ಈ ಕುಣಿತ ಕಲಿಸುವ ಮಾಸ್ತರರೇ, ಹೆಜ್ಜೆ ಕೆಡಿಸಬೇಡಿ. ಅದನ್ನು ಯಾರು, ಯಾವ ಸಂಕಟದಲ್ಲಿ ಕಾಪಾಡಿದರು ಅನ್ನುವುದನ್ನೂ ಮಕ್ಕಳಿಗೆ ಹೇಳಿ.