ಕೀಟನಾಶಕ ವಿಘಟಕ ಬ್ಯಾಕ್ಟೀರಿಯ: ಜಾತಿಲಕ್ಷಣ ವಿಚಾರ

ನದಿಯ ನೀರಿನಿಂದ ಕೀಟನಾಶಕವನ್ನು ಭಕ್ಷಿಸುವ ಬ್ಯಾಕ್ಟೀರಿಯದ ಹೊಸ ಜಾತಿಯೊಂದು ದೊರೆಯಿತು ಎಂಬ ಬಗೆಯ ವಾಕ್ಯವು ನಮ್ಮ ವಿಜ್ಞಾನಲೇಖನಗಳಲ್ಲಿ ರೂಢವಾಗಿದೆ. ‘ಭಕ್ಷಿಸುವ’ ಎಂಬ ವಿಶೇಷಣವೇ ಆ ಜಾತಿಯ ಲಕ್ಷಣವೆಂದು ಓದುಗರು ಗ್ರಹಿಸುವರು. ಇದು ಯುಕ್ತವೇ ಎಂಬುದು ವಿಚಾರಣೀಯವಾಗಿದೆ.

ಲಕ್ಷಣದಲ್ಲಿ ಅತಿವ್ಯಾಪ್ತಿ, ಅವ್ಯಾಪ್ತಿಗಳಿರಕೂಡದೆಂಬುದು ತಾರ್ಕಿಕರ ನಿಯಮ. ಕೊಂಬುಳ್ಳುದೇ ಗೋವೆಂದರೆ ಎಮ್ಮೆಯೂ ಗೋವಾದೀತು; ಕಪಿಲವರ್ಣದ್ದೇ ಗೋವೆಂದರೆ ಬಿಳಿಯ ಹಸುವು ಹೊರಗುಳಿದೀತು. ಪ್ರಕೃತದಲ್ಲಿಯೂ ಈ ಎರಡು ದೋಷಗಳಿವೆ.

ಲಿಂಡೇನೆಂಬ ಕೀಟನಾಶಕವನ್ನು ವಿಘಟಿಸತಕ್ಕ ಮೂರು ತಳಿಗಳು ಭಾರತ, ಜಪಾನ್, ಫ್ರಾನ್ಸ್ ದೇಶಗಳಲ್ಲಿ ದೊರೆತಿದ್ದುವು. ಮೊದಲು ಮೂರನ್ನೂ ಸ್ಫಿಂಗೋಮೊನಾಸ್ ಪಾಸಿಮೊಬಿಲಿಸ್ ಎಂಬ ಒಂದೇ ಜಾತಿಯಲ್ಲಿ ಎಣಿಸಿದ್ದರು. ವಿಘಟನಕ್ಕೆ ಕಾರಣವಾದ ‘ಲಿನ್’ ಜೀನುಗಳು ಮೂರರಲ್ಲಿಯೂ ಸದೃಶವಾಗಿದ್ದರೂ, ಡಿ.ಎನ್.ಎ. ಸಾಮ್ಯವೇ ಮೊದಲಾದ ಪ್ರಮಾಣಗಳಿಂದ ೨೦೦೫ರಲ್ಲಿ ಅವು ಸ್ಫಿಂಗೋಬಿಯಮ್ ಇಂಡಿಕಮ್, ಜಪೋನಿಕಮ್, ಫ್ರಾನ್ಸೆನ್ಸೆ ಎಂಬ ಮೂರು ಜಾತಿಗಳೆಂದು ನಿರ್ಣಯವಾಯಿತು. ಇದು ಅತಿವ್ಯಾಪ್ತಿ. ಜಪಾನಿನ ತಳಿಯ ಸಂತತಿಯಲ್ಲಿಯೇ ಲಿನ್ ಜೀನುಗಳನ್ನು ತಾವಾಗಿ ಕಳೆದುಕೊಂಡ ಕೋಶಗಳು ಕಂಡುಬಂದಿವೆ. ಶಕ್ತಿ ಹೋದರೂ ಜಾತಿ ಹೋಗಲಿಲ್ಲ. ಇದು ಅವ್ಯಾಪ್ತಿ.

ನದೀಜಲದ ನಿದರ್ಶನವೂ ಉಂಟು. ಜರ್ಮನಿಯ ಎಲ್ಬೆ ನದಿಯಿಂದ ದೊರೆತ, ಡಯಾಕ್ಸಿನನ್ನು ವಿಘಟಿಸತಕ್ಕ ತಳಿಯ ವಿವರವು ೧೯೯೨ರಲ್ಲಿ ಪ್ರಕಟವಾಯಿತು; ಸ್ಫಿಂಗೋಮೊನಾಸ್ ವಿಟ್ಟಿಚಿಯೈ ಎಂಬ ಜಾತಿನಾಮವು ಬಂದುದು ೨೦೦೧ರಲ್ಲಿ. ಅನಂತರ ಅದನ್ನು ರೈಜೋರ್ಹ್ಯಾಬ್ಡಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಕರ್ಮವು ಅದೇ, ಕುಲವು ಬೇರೆಯಾಯಿತು. ಈಗ ಜೀನೋಮುಗಳ ಸರಾಸರಿ ಸಾಮ್ಯವು ಶೇಕಡ ೯೫-೯೬ಕ್ಕಿಂತ ಕಡಮೆಯಾದರೆ ಜಾತಿಭೇದವನ್ನು ಹೇಳುವುದು ವಾಡಿಕೆ.

ಇದು ಬರಿಯ ಶಬ್ದಕಲಹವಲ್ಲ. ‘ಭಕ್ಷಿಸಿತು’ ಎಂದರೆ ವಿಷವು ನಿಶ್ಶೇಷವಾಯಿತೆಂದು ವಿದ್ಯಾರ್ಥಿಯು ತಿಳಿಯುವನು. ಆದರೆ ಕ್ಲೋರ್‌ಪೈರಿಫಾಸ್ ಒಡೆದಾಗ ಹುಟ್ಟುವ ಟ್ರೈಕ್ಲೋರೋಪಿರಿಡಿನಾಲ್ ಮೂಲವಸ್ತುವಿಗಿಂತ ನೀರಿನಲ್ಲಿ ಹೆಚ್ಚು ಕರಗತಕ್ಕುದು. ಅನೇಕ ಸೂಕ್ಷ್ಮಜೀವಿಗಳ ವೃದ್ಧಿಗೆ ಬಾಧಕವೂ ಹೌದು. ಹೊಳೆಯ ನೀರನ್ನೇ ಕುಡಿಯುವ ಜನಕ್ಕೆ ಇಂಥ ಭ್ರಾಂತಿಯು ಅಪಾಯಕರ.

ಆದುದರಿಂದ ‘ಭಕ್ಷಕ’ ಎಂಬುದನ್ನು ಬಿಟ್ಟು ‘ವಿಘಟಕ’ ಎನ್ನುವುದೂ, ವಿಘಟನವು ಆಂಶಿಕವೋ ಪೂರ್ಣವೋ ಎಂಬುದನ್ನು ಹೇಳುವುದೂ, ಜಾತಿನಿರ್ಣಯದ ಪ್ರಮಾಣವನ್ನು ಬೇರೆಯಾಗಿಯೇ ಕೊಡುವುದೂ ಉಚಿತವೆಂದು ನಮ್ಮ ಮತ. ಉಪಾಧ್ಯಾಯರು ಇದನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ.