ತೋಟದ ಮದುವೆಯೂ ಮಂತ್ರಮಾಂಗಲ್ಯವೂ

ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಮದುವೆ ಮಾತು ಶುರುವಾದರೆ ಈಗ ಛತ್ರದ ಜೊತೆಗೆ ಇನ್ನೊಂದು ಆಲೋಚನೆಯೂ ಬರುತ್ತದೆ: ಕೆಂಗೇರಿಯಾಚೆ ಯಾವುದಾದರೂ ತೋಟದಲ್ಲಿ, ಹತ್ತಿರದವರನ್ನಷ್ಟೇ ಕರೆದು, ಬಯಲಲ್ಲೇ ಧಾರೆ. ಆಸೆ ಒಳ್ಳೆಯದು. ಆದರೆ ನಾನು ನೋಡಿದ ಇಂಥ ಮದುವೆಗಳಲ್ಲಿ ಕಡಿಮೆಯಾಗಿದ್ದು ಊಟದ ಎಲೆಗಳು ಮಾತ್ರ. ಹೂವಿನ ಕಮಾನು, ಡ್ರೋನು, ಎರಡು ದಿನದ ರೂಮು ಬಾಡಿಗೆ ಸೇರಿ ಖರ್ಚು ಛತ್ರದ ಲೆಕ್ಕಕ್ಕೇ ಬಂದು ನಿಂತಿತು. ಅದನ್ನು ಹೊತ್ತವರೂ ಹೆಣ್ಣಿನ ಕಡೆಯವರೇ.

ಚಿಕ್ಕ ಮದುವೆಗೆ ಕನ್ನಡದಲ್ಲಿ ಆಗಲೇ ಗಟ್ಟಿಯಾದ ಒಂದು ರೂಪವಿದೆ. 1966ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಚಿತ್ರಕೂಟ ತೋಟದಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಮೂಲಕ ನಡೆಸಿದರು. ಪುರೋಹಿತರಿಲ್ಲ, ರಾಹುಕಾಲದ ಅಂಜಿಕೆಯಿಲ್ಲ, ವರದಕ್ಷಿಣೆಯ ಮಾತೇ ಇಲ್ಲ. ಹಿರಿಯರೊಬ್ಬರು ಪ್ರತಿಜ್ಞೆಯನ್ನು ಓದುತ್ತಾರೆ, ಗಂಡು ಹೆಣ್ಣು ಅದನ್ನು ತಾವೇ ಹೇಳುತ್ತಾರೆ. ಇದರ ನಿಜವಾದ ಶಕ್ತಿ ಇರುವುದು ಇಲ್ಲಿಯೇ. ವಿಜಯನಗರದ ಮದುವೆಯೊಂದರಲ್ಲಿ ಹುಡುಗಿ ಒಂದು ಸಾಲು ತಪ್ಪಿ, ನಿಂತು, ಮತ್ತೆ ಮೊದಲಿನಿಂದ ಹೇಳಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಓಲಗದ ಸದ್ದಿನಲ್ಲಿ ಯಾರ ಕಿವಿಗೂ ಬೀಳದೆ ಮುಗಿದುಹೋಗುವ ಮಂತ್ರಗಳಿಗಿಂತ ಅದು ನನಗೆ ಎಷ್ಟೋ ದೊಡ್ಡದೆನಿಸಿತು.

ಕೊರತೆಗಳೂ ಇವೆ. ಓದುವವರು ಅದನ್ನೇ ಭಾಷಣದ ಅವಕಾಶ ಮಾಡಿಕೊಂಡರೆ ಮದುಮಕ್ಕಳು ಹಿಂದೆ ಸರಿಯುತ್ತಾರೆ. ಬೆಳಿಗ್ಗೆ ಸರಳವಾಗಿ ಪ್ರತಿಜ್ಞೆ ಮಾಡಿ ಸಂಜೆ ಅದ್ದೂರಿ ರಿಸೆಪ್ಷನ್ ಇಟ್ಟರೆ ಆ ಪ್ರತಿಜ್ಞೆಗೆ ಬೆಲೆ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರಗಳನ್ನು ಕೇಳುತ್ತದೆ. ಶಾಸ್ತ್ರ ನಡೆಯದಿದ್ದರೆ ನೋಂದಣಿ ಪತ್ರವೊಂದೇ ಸಾಲದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪೆರಿಯಾರರ ಸ್ವಾಭಿಮಾನ ಮದುವೆಗಳಿಗಾಗಿ ತಮಿಳುನಾಡು 1967ರಲ್ಲೇ ಈ ಕಾಯ್ದೆಗೆ ತಿದ್ದುಪಡಿ ತಂದುಕೊಂಡಿತು. ಕುವೆಂಪು ಹೆಸರನ್ನು ಇಷ್ಟು ಹೇಳುವ ನಾವು ಅಷ್ಟನ್ನೂ ಮಾಡದಿರುವುದು ನೋವಿನ ಸಂಗತಿ.

ಸದ್ಯಕ್ಕಿರುವ ಗಟ್ಟಿ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಡಿ ಮದುವೆಯನ್ನು ನಮಗೆ ಬೇಕಾದ ರೀತಿಯಲ್ಲಿ ಮಾಡಿಕೊಳ್ಳಬಹುದು. ಹೆಚ್ಚಿನ ಶುಲ್ಕ ಕಟ್ಟಿದರೆ ಕಚೇರಿಯಿಂದ ತೀರಾ ದೂರವಲ್ಲದ ಬೇರೆ ಜಾಗದಲ್ಲೂ ನಡೆಸಲು ಅವಕಾಶವಿದೆ. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ತಮಗೆ ಅರ್ಥವಾಗುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಒಪ್ಪಿದ್ದೇವೆಂದು ಹೇಳಲೇಬೇಕು. ಮಂತ್ರಮಾಂಗಲ್ಯದ ಜೀವಾಳವೂ ಅದೇ ಅಲ್ಲವೇ?

ತೋಟಕ್ಕೆ ಅಡ್ವಾನ್ಸ್ ಕೊಡುವ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಬನ್ನಿ. ನೋಟಿಸ್ ಕೊಟ್ಟು 30 ದಿನ ಕಾಯಬೇಕಾಗುತ್ತದೆ.